ದ್ಯಾಮವ್ವನ ಆಡು

ಮರಿಯನ್ನು ಮನೆಯಲ್ಲಿ ಬಿಟ್ಟು ಬಂದ ಆಡು ಕೂಗುವ ದನಿಯೇ ಬೇರೆ. ಹಸಿದ ಆಡು ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ಹೆದರಿದ್ದು ಒಂದೇ ಸಮ ಒದರಿ ಗಂಟಲು ಕಟ್ಟಿಸಿಕೊಳ್ಳುತ್ತದೆ. ಇದು ಹಾಗಲ್ಲ. ಕೆಚ್ಚಲು ಬಿಗಿದಾಗ ಕೂಗುತ್ತದೆ, ನಿಂತು ಕಿವಿಗೊಡುತ್ತದೆ, ಉತ್ತರ ಬರಲಿಲ್ಲವೆಂದು ಮತ್ತೆ ಕೂಗುತ್ತದೆ. ಹೋದ ತಿಂಗಳು ಅರಣ್ಯದವರು ನಾನು ಮದುವೆಯಾಗಿ ಬಂದ ಈ ಊರ ಗುಡ್ಡದ ಬುಡಕ್ಕೆ ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಬೋನು ತಂದಿಳಿಸಿ, ಚಿರತೆಗೆಂದು ಅದರ ಹಿಂದಿನ ಗೂಡಿನಲ್ಲಿ ಒಂದು ಆಡು ಕಟ್ಟಿದರು. ದೀಪ ಹಚ್ಚುವ ಹೊತ್ತಿಗೆ ಆ ದನಿ ಗದ್ದೆ ದಾಟಿ ಬಂತು. ಅಕ್ಕಿ ಹಸನು ಮಾಡುತ್ತ ಕೂತಿದ್ದವಳು ಮೊರ ಕೆಳಗಿಟ್ಟೆ. ಸೊಸೆ "ಯಾಕ್ರೀ ಅತ್ತಿ?" ಅಂದಳು. "ಅದರ ಮರಿ ಯಾರ ಮನ್ಯಾಗ ಅದಾವೋ" ಅಂದೆ. ಅವಳಿಗೆ ತಿಳಿಯಲಿಲ್ಲ, ನನಗೂ ಬಿಡಿಸಿ ಹೇಳುವ ತ್ರಾಣ ಇರಲಿಲ್ಲ. ನಿಮಗೆ ಹೇಳುತ್ತೇನೆ. ಇಲ್ಲದಂತಾದ ಮನೆ ಅಂತ ನಿಮಗೂ ಒಂದು ಇದ್ದೀತು.

ನನ್ನ ತವರು ಕನಕಗಿರಿ ಕಡೆ, ಬಂಡೆಗಳ ನಡುವೆ ಸಿಕ್ಕಿಕೊಂಡ ಸಣ್ಣ ಊರು. ಕಾಲುವೆ ನೀರು ಅತ್ತ ಹತ್ತಲೇ ಇಲ್ಲ. ಸಜ್ಜೆ, ಜೋಳ, ಶೇಂಗಾ, ಅಷ್ಟೇ ಬೆಳೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ದಾಟಿದರೆ ಮೊದಲು ಎತ್ತುಗಳು, ಅವುಗಳ ಮೇವಿನ ಗೋದಲಿ, ಗೋಡೆಯ ಮಗ್ಗುಲಿಗೆ ಆಡು. ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಕತ್ತಲ ಅಡಿಗೆಮನೆ. ಎತ್ತಿನ ಉಸಿರು, ಆಡಿನ ಉಚ್ಚೆ, ಒಲೆಯ ಹೊಗೆ, ಅಪ್ಪನ ಅಪ್ಪ ಮುತ್ಯಾನ ತಂಬಾಕು ಎಲ್ಲ ಕೂಡಿ ಒಂದೇ ವಾಸನೆಯಾಗಿತ್ತು. ಆ ವಾಸನೆ ಛಲೋ ಇತ್ತು ಅನ್ನಲಾರೆ. ಅದರೊಳಗೆ ನಿದ್ದೆ ಮಾತ್ರ ಛಲೋ ಬರುತ್ತಿತ್ತು. ಈಗ ಅಲ್ಲಿ ಗೋಡೆ ಕುಸಿದು ಜಾಲಿ ಬೆಳೆದಿದೆ. ಗುಡ್ಡವೂ ಅರ್ಧ ಇಲ್ಲ. ಕಲ್ಲು ಕೊಯ್ಯುವವರು ಕೊಯ್ದು ಲಾರಿ ತುಂಬಿ ಒಯ್ದರು. ಚಿರತೆ ಹಿಡಿಯಲು ಆ ಊರಿಗೂ ಒಂದು ಬೋನು ಇತ್ತು, ಅದು ಇದ್ದ ಬಂಡೆಗಳು ಈಗ ಯಾರ ಮನೆಯ ಹಾಸುಗಲ್ಲಾಗಿ ಬಿದ್ದಿವೆಯೋ.

ಆ ಬೋನು ಕಲ್ಲಿನದು, ಮುತ್ಯಾನ ಅಪ್ಪನ ಕಾಲಕ್ಕಿಂತ ಹಳೆಯದು. ಎರಡು ದೊಡ್ಡ ಬಂಡೆಗಳ ನಡುವಿನ ಸಂದಿಗೆ ಮೇಲೆ ಚಪ್ಪಡಿ ಹಾಸಿ ಮುಚ್ಚಿದ್ದರು. ಮುಂದಿನ ಬಾಯಿಗೆ ಒಂದು ಚಪ್ಪಡಿಯನ್ನು ಹಗ್ಗದಿಂದ ಎತ್ತಿ ಕಟ್ಟಿರುತ್ತಿದ್ದರು. ಒಳಗೆ ಬಂದ ಪ್ರಾಣಿಯ ಕಾಲಿಗೆ ದಾರ ತಾಕಿದರೆ ಗೂಟ ಜಾರಿ ಚಪ್ಪಡಿ ಬೀಳುತ್ತಿತ್ತು. ಹಿಂದಿನ ತುದಿಯಲ್ಲಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಆಡಿಗೊಂದು ಗೂಡು ಮಾಡಿದ್ದರು. ಚಿರತೆಗೆ ಆಡು ಕಾಣಬೇಕು, ಸಿಗಬಾರದು. ಹಾಗೆಂದು ಕಲ್ಲುಗಳ ನಡುವೆ ಕೈ ಹಿಡಿಸುವಷ್ಟು ಸಂದಿ. ಗೂಡಿಗೆ ಹೊರಗಿನಿಂದ ಒಂದು ಸರಿಸುಗಲ್ಲು. ಈ ಬೋನಿನ ಕೆಲಸ ನಮ್ಮ ಮನೆತನದ್ದು. ಮುತ್ಯಾ ಮರಿ ಹಾಕಿದ ಆಡನ್ನೇ ಆರಿಸುತ್ತಿದ್ದ. ಮರಿಯನ್ನು ಮನೆಯಲ್ಲಿ ಉಳಿಸಿ ತಾಯಿಯನ್ನು ಸಂಜೆ ಗೂಡಿಗೆ ನೂಕಿದರೆ ಅದು ಬೆಳಗಿನ ತನಕ ಕೂಗುತ್ತದೆ, ಚಿರತೆಗೆ ಬೇರೆ ಕರೆಯೋಲೆ ಬೇಡ. ಚಿರತೆ ಬೀಳದಿದ್ದರೆ ಮುಂಜಾನೆ ಆಡು ಮನೆಗೆ ಬರುತ್ತಿತ್ತು. ಬಿದ್ದರೆ ಬರುತ್ತಿರಲಿಲ್ಲ. ಯಾಕೆಂದರೆ ನಮ್ಮೂರಲ್ಲಿ ಬಂದೂಕು ಇರಲಿಲ್ಲ. ಒಣಮೆಣಸಿನಕಾಯಿ, ಬೇವಿನ ಸೊಪ್ಪು, ಸಗಣಿಯ ಕುಳ್ಳು ಹಾಕಿ ಬೋನಿನ ಬಾಯಿಗೆ ಹೊಗೆ ಹಾಕುತ್ತಿದ್ದರು, ಚಿರತೆ ಸೋತ ಮೇಲೆ ಭರ್ಚಿಯಿಂದ ತಿವಿಯುತ್ತಿದ್ದರು. ಆ ಹೊಗೆಗೆ ಗೂಡಿನಲ್ಲಿದ್ದ ಆಡು ಮೊದಲೇ ಸಾಯುತ್ತಿತ್ತು. ಅದಕ್ಕೇ ಮನೆಮನೆಗೆ ಪಾಳಿ ಹಚ್ಚಿದ್ದರು. ಆಡು ಕೊಟ್ಟ ಮನೆಯವರು ಅವತ್ತು ಒಲೆ ಹಚ್ಚುತ್ತಿರಲಿಲ್ಲ, ಓಣಿಯವರು ರೊಟ್ಟಿ ತಂದುಕೊಡುತ್ತಿದ್ದರು. ಸತ್ತವರ ಮನೆಗೆ ಕೊಟ್ಟ ಹಾಗೆ.

ನನ್ನ ಸೋದರತ್ತೆ ದ್ಯಾಮವ್ವ, ಮುತ್ಯಾನ ಹಿರಿಮಗಳು. ಹನುಮಸಾಗರದ ಕಡೆ ಕೊಟ್ಟಿದ್ದರು. ಗಂಡ ಸತ್ತು, ಮಕ್ಕಳಿಲ್ಲದೆ, ಒಂದು ಹಿತ್ತಾಳೆ ತಂಬಿಗೆ, ಒಂದು ಕರಿ ಆಡು ಹಿಡಿದುಕೊಂಡು ತವರಿಗೆ ಬಂದಿದ್ದಳು. ಎತ್ತರದ ಹೆಂಗಸು, ಮೊಣಕೈ ಮೂಳೆ ಎದ್ದು ಕಾಣುತ್ತಿದ್ದವು, ಕುಪ್ಪಸದ ತೋಳು ಸದಾ ಹರಿದಿರುತ್ತಿತ್ತು. ನನ್ನ ಅವ್ವನಿಗೂ ಅವಳಿಗೂ ಒಂದು ದಿನ ಸರಿ ಹೋದದ್ದಿಲ್ಲ. ಅತ್ತೆ ಆಡಿನ ಹಾಲು ಹಿಂಡಿ ತಂದು ಒಲೆಯ ಮುಂದೆ ಸದ್ದಾಗುವಂತೆ ಇಡುತ್ತಿದ್ದಳು. "ಪುಕ್ಕಟೆ ಉಣ್ಣೂದಿಲ್ಲ ನಾನು" ಅನ್ನುವುದು ಅದರ ಅರ್ಥ. ಅವ್ವ ತಂಬಿಗೆಯೊಳಗೆ ಬಗ್ಗಿ ನೋಡಿ, "ಅಬಾ, ಊರೆಲ್ಲ ಮುಳುಗೀತು" ಅನ್ನುತ್ತಿದ್ದಳು. ಅತ್ತೆ ಬಿಡುತ್ತಿರಲಿಲ್ಲ, ಅವ್ವನ ಹೆಸರು ಹಿಡಿದೇ ತಿರುಗಿ ಅನ್ನುತ್ತಿದ್ದಳು. "ನಿನ್ನ ರೊಟ್ಟಿ ಗಂಟಲಾಗ ಇಳಿಬೇಕಂದ್ರ ಹಾಲು ಬೇಕ ಬೇಕಽ ನಾಗೀ. ಒಣಾದು ತಿಂದ್ರ ಹಲ್ಲು ಹೋಗತಾವು." ಮುತ್ಯಾ ಮೂಲೆಯಲ್ಲಿ ಕೆಮ್ಮಿದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಅವ್ವನಿಗೂ ಒಂದು ಆಡು ಇತ್ತು. ಎರಡೂ ಒಂದೇ ಗೋಡೆಗೆ ನಿಲ್ಲುತ್ತಿದ್ದವು, ಗೂಟ ಮಾತ್ರ ಬೇರೆ. ಅತ್ತೆಯ ಗೂಟ ಬಾಗಿಲಿಗೆ ಹತ್ತಿರ, ಗಾಳಿ ಮಳೆ ಬಡಿಯುವ ಕಡೆ.

ನಾನು ಸಣ್ಣ ಹುಡುಗಿಯಿದ್ದಾಗ ಒಂದು ವರ್ಷ ಸುಗ್ಗಿಯಲ್ಲಿ ಚಿರತೆ ಮೊದಲು ನಾಯಿಗಳನ್ನು ಒಯ್ದಿತು. ಆಮೇಲೆ ಒಂದು ಕರು. ಆಮೇಲೆ ಕಣದಲ್ಲಿ ಜೋಳದ ದಂಟಿನ ಸೊಪ್ಪೆಯ ಮೇಲೆ ಮಲಗಿಸಿದ್ದ, ಕೂಲಿಗೆ ಬಂದವರ ಕೂಸನ್ನು ಒಯ್ದಿತು. ಅದರ ತಾಯಿ ಓಣಿಯಲ್ಲಿ ತಿರುಗುತ್ತ ಬಂದವರಿಗೆಲ್ಲ ಕೂಸಿನ ತಲೆಯ ಕುಲಾಯಿ ತೋರಿಸುತ್ತಿದ್ದಳು. ಅಳುತ್ತಿರಲಿಲ್ಲ, ತೋರಿಸುತ್ತಿದ್ದಳು ಅಷ್ಟೇ. ಅಂಥ ಹೊತ್ತಿನಲ್ಲಿ ಬೋನು ಹೂಡಬೇಡಿ ಅನ್ನುವ ಬಾಯಿ ಯಾರಿಗೂ ಇರಲಿಲ್ಲ. ಪಾಳಿ ದೊಡ್ಡಮನೆಯವರದು. ಅವರು ತಮ್ಮ ಆಡು ಇನ್ನೂ ಈದಿಲ್ಲ ಅಂದರು. ಈದ ಆಡು ಅವರ ಹಿತ್ತಲಲ್ಲಿ ಮರಿಗೆ ಮೊಲೆ ಕೊಡುವುದನ್ನು ನೀರಿಗೆ ಹೋಗುವ ಹೆಂಗಸರೆಲ್ಲ ನೋಡಿದ್ದರು. ಮುತ್ಯಾ ಅಲ್ಲಿಂದ ತಿರುಗಿ ಬಂದ. ಅವರ ಹೊಲ ಉಳುತ್ತಿದ್ದವರು ನಾವು. ಅವನು ತಲೆಯ ಪಟಗ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು ಮನೆಯ ಕಟ್ಟೆಯ ಮೇಲೆ ಭಾಳ ಹೊತ್ತು ಕೂತ. ನಮ್ಮ ಮನೆಯಲ್ಲಿ ಎರಡು ಆಡು, ಎರಡೂ ಈದಿದ್ದವು.

ಅವ್ವ ಒಳಗಿನಿಂದ ಬಂದು, ಯಾರನ್ನೂ ನೋಡದೆ, ತನ್ನ ಆಡಿನ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು. ಬಾಗಿಲಲ್ಲಿ ಕೂತು ಎಲೆ ಮಡಿಸುತ್ತಿದ್ದ ಅತ್ತೆ ನಕ್ಕಳು. "ಯಾಕಬೇ ನಾಗೀ ಗಂಟು? ನಿನ್ನ ಆಡಿಗೆ ಯಾರು ಕೈ ಹಚ್ಚತಾರ? ಗಂಡ ಇದ್ದಾಕಿ ಆಡದು." ಅಪ್ಪ ಅಲ್ಲೇ ನಿಂತಿದ್ದ. ನೊಗಕ್ಕೆ ಹಗ್ಗ ಸುತ್ತುವ ಕೆಲಸ ಅವನಿಗೆ ಒಮ್ಮೆಲೇ ನೆನಪಾಯಿತು. ಮುತ್ಯಾ ನೆಲ ನೋಡುತ್ತ, "ದ್ಯಾಮವ್ವಾ, ನೀ ನನ್ನ ಮಗಳದಿ" ಅಂದ. "ಅದು ಗೊತ್ತೈತೆಪಾ" ಅಂದಳು ಅತ್ತೆ. "ಮಗಳಾದದ್ದಕ್ಕಽ ಕೇಳಾಕ್ಹತ್ತಿ. ಸೊಸಿಗೆ ಕೇಳಿದ್ರ ನಾಳೆ ರೊಟ್ಟಿ ಕೊಡೂದಿಲ್ಲ ಅಕಿ." ಎದ್ದು ತಾನೇ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು. ಬಿಚ್ಚುವ ಮುಂಚೆ ಮರಿಗಳನ್ನು ಕುಡಿಸಲು ಹೋದಳು. ಕೆಚ್ಚಲು ತುಂಬಿರಬೇಕೆಂದು ಮುತ್ಯಾ ಬೇಡ ಅಂದ.

ಆ ಸಂಜೆ ಅವ್ವ ಒಲೆ ಹಚ್ಚಿದಳು. ಮುತ್ಯಾ ತಿರುಗಿ ನೋಡಿದ್ದಕ್ಕೆ, "ಆಡು ಮನೀದಲ್ಲ, ಅಕೀದು" ಅಂದಳು. ಅತ್ತೆ ಉಣ್ಣಲಿಲ್ಲ. ಎರಡು ಮರಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ಕೂತಳು. ಗುಡ್ಡದಿಂದ ಆಡು ಕೂಗಿದಾಗಲೆಲ್ಲ ಮರಿಗಳು ಉತ್ತರ ಕೊಡುತ್ತಿದ್ದವು. ಆ ಉತ್ತರ ತಾಯಿಗೆ ಮುಟ್ಟಿದರೆ ಅದು ಸಮಾಧಾನಗೊಂಡು ಸುಮ್ಮನಾದೀತೆಂದು ಅವುಗಳ ಬಾಯಿ ಹಿಡಿಯುವ ಕೆಲಸವೂ ಅವಳಿಗೇ ಬಂತು. ತನ್ನ ಆಡು ಬಿಡದೆ ಕೂಗಲಿ ಅಂತ ತಾನೇ ಮರಿಗಳ ಬಾಯಿ ಮುಚ್ಚಬೇಕು. ಚಿರತೆ ಬೀಳಲಿ ಅಂತ ಊರು ದೇವರಿಗೆ ಕೈ ಮುಗಿಯುತ್ತಿದ್ದರೆ ಅವಳು ಏನು ಬೇಡಿಕೊಂಡಳೋ ಅವಳಿಗೇ ಗೊತ್ತು. ಮೊದಲ ದಿನ ಏನೂ ಬೀಳಲಿಲ್ಲ, ಆಡು ಮನೆಗೆ ಬಂತು. ಮತ್ತೆ ಸಂಜೆ ಒಯ್ದರು. ಹೀಗೆ ಕೆಲವು ದಿನ ನಡೆಯಿತು. ಒಂದು ಮುಂಜಾನೆ ಗುಡ್ಡದ ಕಡೆಯಿಂದ ದನಿಯೇ ಇರಲಿಲ್ಲ. ಮುತ್ಯಾ ಎದ್ದು ಪಟಗ ಸುತ್ತಿಕೊಂಡ. "ಬಿತ್ತು" ಅಂದ.

ಇಡೀ ಊರು ಗುಡ್ಡ ಹತ್ತಿತು. ನಾನೂ ಹೋಗಿ ಬೋನಿನ ಮಗ್ಗುಲ ಬಂಡೆಯ ಮೇಲೆ ಕೂತೆ. ಮೇಲಿನ ಚಪ್ಪಡಿಗಳ ಬಿರುಕಿನಿಂದ ಚಿರತೆಯ ಬೆನ್ನು ಕಾಣುತ್ತಿತ್ತು, ಮೈ ಉಸಿರಿಗೆ ಏರಿಳಿಯುತ್ತಿತ್ತು. ಒಳಗಿನಿಂದ ಬಂದ ವಾಸನೆಗೆ ಮೂಗು ಮುಚ್ಚಿಕೊಂಡೆ. ಆಡು ಸತ್ತಿರಲಿಲ್ಲ. ಹಿಂದಿನ ಬಂಡೆಗೆ ಮೈ ಒತ್ತಿ, ನಾಲ್ಕೂ ಕಾಲು ಬಿಗಿದು ನಿಂತಿತ್ತು. ಹಾಲು ತಾನಾಗಿ ಸುರಿದು ಕೆಳಗಿನ ಮಣ್ಣು ಹಸಿಯಾಗಿತ್ತು. ಗಂಡಸರು ಕುಳ್ಳು ಒಟ್ಟತೊಡಗಿದರು.

"ಮೊದಲಿಗೆ ಆಡು ತಗೀರಿ" ಅಂದಳು ಅತ್ತೆ.

ಭರ್ಚಿ ಹಿಡಿದಿದ್ದವನೊಬ್ಬ ನಕ್ಕ. "ನೀ ತಗೀತಿಯೇನಬೇ? ಸಂದ್ಯಾಗಿಂದ ಕೈ ಚಾಚತೈತಿ ಚಿರತಿ." ಇನ್ನೊಬ್ಬ ಸ್ವಲ್ಪ ಮೆತ್ತಗಿನವ, "ಹೋಗಲಿ ಬಿಡಬೇ ಯಕ್ಕಾ, ಮತ್ತೊಂದು ಆಡು ಕೊಡಿಸ್ತೀವಿ" ಅಂದ.

"ಯಾರು ಕೊಡಸ್ತೀರಿ? ಕೊಡಸಾಂವ ಮುಂದ ಬಂದು ತನ್ನ ಹೆಸರು ಹೇಳಲಿ."

ಅವಳು ಒಬ್ಬೊಬ್ಬರ ಮುಖ ನೋಡಿದಳು. ಅಪ್ಪನ ಮುಖವನ್ನೂ ನೋಡಿದಳು. ದೊಡ್ಡಮನೆಯವ ಕೊಡೆ ಬಿಚ್ಚಿ ಆ ಕಡೆ ತಿರುಗಿದ. ಮುತ್ಯಾ ಮಾತ್ರ, "ಒಂದು ಆಡಿಗೆ ಮನಿಷಾರನ್ನ ಕಳಕೊಳ್ಳಾಕ ಆಗತೈತೇನು ಮಗಳಽ" ಅಂದ. ಕುಳ್ಳಿಗೆ ಬೆಂಕಿ ತಾಕಿದಾಗ ಎಲ್ಲರ ಕಣ್ಣು ಬೋನಿನ ಬಾಯಿಯ ಮೇಲಿತ್ತು. ಮೇಲೆ ಕೂತ ನನಗೆ ಕಂಡಿತು. ಅತ್ತೆ ಹಿಂದೆ ಹೋಗಿ ಸರಿಸುಗಲ್ಲಿಗೆ ಹೆಗಲು ಕೊಟ್ಟಳು. ಕಲ್ಲು ಸರಿದು ಸಂದಿಯಾಯಿತು. ಮೊಣಕಾಲೂರಿ ಒಳಗೆ ಕೈ ಹಾಕಿ ಆಡಿನ ಕಿವಿ ಹಿಡಿದಳು. ನಿಂತ ಕಲ್ಲುಗಳ ನಡುವಿನಿಂದ ಒಂದು ಪಂಜ ಬಂತು. ಸಿಟ್ಟಿನಿಂದ ಬಂದ ಹಾಗಿರಲಿಲ್ಲ, ಹಿಟ್ಟು ಬಾಚುವ ಕೈಯಂತೆ ಸುಮ್ಮನೆ ಬಂದು ಅವಳ ಹೆಗಲಿನಿಂದ ಮೊಣಕೈ ತನಕ ಎಳೆಯಿತು. ಅವಳು ಕೂಗಲಿಲ್ಲ. ಕಿವಿಯನ್ನೂ ಬಿಡಲಿಲ್ಲ. ಆಡು ಹೊರಗೆ ಬಂದ ಮೇಲೆ, ಇನ್ನೊಂದು ಹೆಗಲಿನಿಂದ ಕಲ್ಲನ್ನು ಮತ್ತೆ ಅದರ ಜಾಗಕ್ಕೆ ನೂಕಿದಳು. ಆಗ ಜನ ತಿರುಗಿ ನೋಡಿದರು.

ಚಿರತೆ ಸತ್ತಿತು. ಬಂಡಿಯ ಮೇಲೆ ಹಾಕಿ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿಸಿದರು. ತೊಗಲು ದೊಡ್ಡಮನೆಗೆ ಹೋಯಿತು. ಆ ಕೂಸಿನ ತಾಯಿ ಬಂದು ಚಿರತೆಯ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿ ಹೋದಳು. ಅತ್ತೆ ಸೆರಗು ಬಿಗಿದುಕೊಂಡು ಆಡಿನ ಹಗ್ಗ ಹಿಡಿದು ಮನೆಗೆ ಬಂದವಳು ಮೊದಲು ಮರಿಗಳನ್ನು ಬಿಟ್ಟಳು. ಕೆಚ್ಚಲಲ್ಲಿ ಏನೂ ಉಳಿದಿರಲಿಲ್ಲ. ಆ ಸಲ ಆಡು ಬತ್ತಿಹೋಯಿತು.

ಗಾಯಕ್ಕೆ ಅರಿಷಿಣ ಹಚ್ಚಿದರು, ಸುಣ್ಣ ಹಚ್ಚಿದರು, ಬೇವಿನ ನೀರಿನಿಂದ ತೊಳೆದರು. ಮೇಲೆ ಕೂಡಿಕೊಂಡಿತು, ಒಳಗೆ ಕೊಳೆಯಿತು. ಚಿರತೆಯ ಉಗುರಿನಲ್ಲಿ ಹಳೆಯ ಮಾಂಸ ಇರುತ್ತದೆ, ಅದರ ವಿಷ ಅಂತ ಈಗ ತಿಳಿದಿದೆ. ಗಂಗಾವತಿ ದವಾಖಾನೆಗೆ ಒಯ್ಯಲು ಅಪ್ಪ ಬಂಡಿ ಹೂಡುವ ಹೊತ್ತಿಗೆ ತೋಳು ಕಪ್ಪಾಗಿತ್ತು. ಅತ್ತೆ ಹೋಗಲು ಒಪ್ಪಲಿಲ್ಲ. ಆ ದಿನಗಳಲ್ಲಿ ಅವಳ ಕೀವು ತೊಳೆದವಳು ನನ್ನ ಅವ್ವ. ಬೇರೆ ಯಾರೂ ಆ ವಾಸನೆಗೆ ಹತ್ತಿರ ಹೋಗುತ್ತಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ತೊಳೆಯುತ್ತಿದ್ದಳು. ತನ್ನ ಆಡಿನ ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸುತ್ತಿದ್ದಳು. "ನಾ ಏನೂ ಕೊಟ್ಟಿಲ್ಲಲ್ಲಬೇ ಇವತ್ತ" ಅಂದಳು ಅತ್ತೆ ಒಮ್ಮೆ. "ಸುಮ್ಮನ ತಿನ್ನಕ್ಕಾ" ಅಂದಳು ಅವ್ವ. ಕಡೆಯ ದಿನ ಜ್ವರ ಸ್ವಲ್ಪ ಇಳಿದಾಗ ಅತ್ತೆ ಅವ್ವನ ಕೈ ಹಿಡಿದು, "ನನ್ನ ಆಡು ನಿನ್ನ ಗೂಟಕ್ಕ ಕಟ್ಟಬ್ಯಾಡ ನಾಗೀ. ಕೂಡಿಸಿಬಿಟ್ರ ಯಾವುದು ಯಾರದಂತ ತಿಳಿಯೂದಿಲ್ಲ" ಅಂದಳು. ಅವ್ವ ಹೂಂ ಅಂದಳು. ಅತ್ತೆಯ ಬಾಯಲ್ಲಿ ನಾನು ಕೇಳಿದ ಕಡೆಯ ಮಾತು ಅದು. ನನ್ನ ಮೇಲೆ ಅವಳಿಗೆ ವಿಶೇಷ ಪ್ರೀತಿ ಇತ್ತು ಅಂತೇನೂ ಹೇಳಲಾರೆ. ನನಗೆ ಅವಳೇನೂ ಹೇಳಿ ಹೋಗಲಿಲ್ಲ.

ಅವ್ವ ಮಾತು ಉಳಿಸಿಕೊಂಡಳು. ಕರಿ ಆಡು ಮತ್ತೆ ಈದಿತು, ಅದರ ಹೆಣ್ಣುಮರಿ ಈದವು, ಅವನ್ನೆಲ್ಲ ಬೇರೆಯೇ ಕಟ್ಟಿದಳು. ನಮ್ಮ ಮನೆಯಲ್ಲಿ "ಮನಿ ಆಡು", "ದ್ಯಾಮವ್ವನ ಆಡು" ಅಂತ ಎರಡು ಸಾಲು. ದ್ಯಾಮವ್ವನ ಆಡಿಗೆ ಸೊಪ್ಪು ಹಾಕು, ದ್ಯಾಮವ್ವನ ಆಡು ಹೊಲಕ್ಕೆ ಬಿತ್ತು ಅಂತ ದಿನಾ ಅವಳ ಹೆಸರು ಬಾಯಲ್ಲಿ ಬರುತ್ತಿತ್ತು. ಅತ್ತೆ ಸತ್ತ ಮೇಲೆ ಹುಟ್ಟಿದ ನನ್ನ ತಂಗಿಗೆ ಅದು ಒಂದು ಜಾತಿಯ ಆಡಿನ ಹೆಸರು ಅಂತಲೇ ತಿಳುವಳಿಕೆ. ಮುತ್ಯಾ ಬೋನಿನ ಕಡೆ ಮತ್ತೆ ಹೋಗಲಿಲ್ಲ, ಎರಡು ಮಳೆಗಾಲದ ನಂತರ ಅವನೂ ಹೋದ. ಬರಬರುತ್ತ ರೋಗ ಬಂದು ಕೆಲವು ಆಡು ಸತ್ತವು, ಕೆಲವನ್ನು ಅಪ್ಪ ಸಂತೆಗೆ ಹೊಡೆದ. ನನ್ನ ಮದುವೆಯ ಹೊತ್ತಿಗೆ ಆ ಸಾಲಿನಲ್ಲಿ ಉಳಿದದ್ದು ಎರಡೇ. ಮದುವೆಯ ಮರುದಿನ ಬೀಗರಿಗೆ ಖಂಡದ ಊಟ ಹಾಕಬೇಕಾಗಿತ್ತು, ಬೇರೆ ಗತಿ ಇರಲಿಲ್ಲ. ಎರಡನ್ನೂ ಕೊಯ್ದರು. ನಾನೂ ಉಂಡೆ.

ಅಂಗಳದಲ್ಲಿ ಮುತ್ತುಗದ ಎಲೆ ಹಾಸಿ ಬೀಗರು ಉಣ್ಣಲು ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು, ನನ್ನ ಗಂಡನ ದೊಡ್ಡಪ್ಪ, ಬೆರಳು ಚೀಪುತ್ತ, "ಭಾಳ ಛಲೋ ಆಗೈತಿ. ಯಾವ ಆಡ್ರೀ ಇದು?" ಅಂದರು. ಬಡಿಸುತ್ತಿದ್ದ ಹುಡುಗಿ, "ದ್ಯಾಮವ್ವನ ಆಡ್ರೀ" ಅಂದಳು. "ಹಂಗಾದ್ರ ಆ ದ್ಯಾಮವ್ವಗ ಕರೀರಿ. ಇಂಥ ಆಡು ಸಾಕ್ಯಾಳ, ಒಂದು ಮಾತು ಹೇಳಿ ಹೋಗೋಣು." ಅಪ್ಪ ನೀರಿನ ಕೊಡ ಹಿಡಿದು ನಿಂತಲ್ಲೇ ನಿಂತ. ಅವ್ವ ಸೌಟು ಎತ್ತಿ ಅವರ ಎಲೆಗೆ ಇನ್ನೊಂದಿಷ್ಟು ಬಡಿಸಿದಳು. "ಒಳಗ ಅದಾಳ್ರೀ" ಅಂದಳು. "ಹೊರಗ ಬರೂದಿಲ್ಲ ಅಕಿ."

ಆ ಹಿರಿಯರು ಎಂಜಲು ಕೈಯನ್ನು ಹಿಂದೆ ಸರಿಸಿ, ಎಡಗೈಯನ್ನು ಹಣೆಗೆ ಮುಟ್ಟಿಸಿ, ಕತ್ತಲ ಬಾಗಿಲಿನ ಕಡೆ ತಲೆ ಬಾಗಿಸಿದರು. ಆಮೇಲೆ ಎಲೆಯ ಮೇಲೆ ಬಗ್ಗಿ ಉಣ್ಣತೊಡಗಿದರು. ಅವ್ವ ಮುಂದಿನ ಎಲೆಗೆ ಹೋದಳು.