ಬಾಗೂರು ಶಾಲೆಯ ರೇಡಿಯೊ ಪಾಠ

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆಯ ಶಾಲೆಗಳಿಗೆ ಬ್ಯಾಟರಿ ರೇಡಿಯೊಗಳು ಬರತೊಡಗಿದ್ದವು. ತರಗತಿಯಲ್ಲಿ ಅದನ್ನು ಬಳಸುವುದು ಹೇಗೆಂದು ಮೇಷ್ಟರುಗಳಿಗೆ ತೋರಿಸಿಕೊಡಲು ಹಾಸನದ ಕಚೇರಿ ನನ್ನನ್ನು ನೇಮಿಸಿತ್ತು. ನನಗಾಗ ಇಪ್ಪತ್ತೆರಡು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಹೇಗೋ ದಡ ಸೇರಿದೆ. ಬಾಗೂರಿನಲ್ಲಿ ಸಿಕ್ಕಿಬಿದ್ದೆ.

ಅಲ್ಲಿ ಐದನೇ ತರಗತಿಯ ಮೇಷ್ಟರಿಗೆ ಐವತ್ತು ದಾಟಿತ್ತು. ಪಾಠ ಮಾಡಲು ನಿಂತರೆ ಮಕ್ಕಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಆದರೆ ರೇಡಿಯೊ ಹಾಕಿದ ಕೂಡಲೇ ಮೇಷ್ಟರು ಮಂಕಾಗಿಬಿಡುತ್ತಿದ್ದರು. ಬಾನುಲಿ ಪಾಠ ಮುಗಿದ ಮೇಲೆ ಮೇಷ್ಟರು ಪ್ರಶ್ನೆ ಕೇಳಿ ಚರ್ಚೆ ಬೆಳೆಸಬೇಕು. ಇವರು ಸುಮ್ಮನೆ ಬೋರ್ಡು ಒರೆಸುತ್ತಿದ್ದರು. ಮೂರು ಸಲ ಹೋದರೂ ಇದೇ ಕಥೆ. ಮುಂದಿನ ಗುರುವಾರ ಇನ್‌ಸ್ಪೆಕ್ಟರ್ ಬರುವವರಿದ್ದರು. ಅವರೆದುರು ಪಾಠ ಕೆಟ್ಟರೆ ನನ್ನ ಕೆಲಸಕ್ಕೇ ಕುತ್ತು.

"ಸಾರ್, ಒಂದೇ ಒಂದು ಪ್ರಶ್ನೆ ಕೇಳಿ ಸಾಕು," ಎಂದೆ, ಅವರ ಬೆನ್ನ ಹಿಂದೆ ನಿಂತು. ಅವರು ಒರೆಸುತ್ತಲೇ ಇದ್ದರು. ಸಿಟ್ಟಿನಿಂದ ಇನ್ನೂ ಜೋರಾಗಿ ಹೇಳಿದೆ. ತಿರುಗಲಿಲ್ಲ. ಎದುರಿಗೆ ಹೋಗಿ ನಿಂತಾಗ ಬೆಚ್ಚಿಬಿದ್ದರು. ನನ್ನ ಮುಖ ನೋಡಿದವರೇ ಮಕ್ಕಳನ್ನು ಆಟಕ್ಕೆ ಬಿಟ್ಟರು.

"ಎಡಗಿವಿ ಪೂರ್ತಿ ಓಗ್ಬುಟ್ಟದೆ ಕಣವ್ವ. ಬಲಗಿವೀಲಿ ಅಷ್ಟಿಷ್ಟು. ಎದುರಿಗಿದ್ದೋರ ತುಟಿ ನೋಡ್ಕಂಡು ಪಾಠ ಮಾಡ್ತೀನಿ. ಆ ಪೆಟ್ಟಿಗೆಗೆ ತುಟಿ ಎಲ್ಲದೆ, ಏಳು?"

ನಾನು ಅವರ ಬಲಗಡೆಗೆ ಸರಿದು ನಿಂತೆ.

"ಯಾರ್ಗೂ ಏಳ್ಬೇಡವ್ವ. ಕಿವುಡ ಅಂತ ಗೊತ್ತಾದ್ರೆ ಮನೇಗೆ ಕಳುಸ್ಬುಡ್ತಾರೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಪ್ರಸಾರವಾಗುವ ಪಾಠಗಳ ಸಾರಾಂಶದ ಪುಸ್ತಿಕೆ ನಮಗೆ ಮೊದಲೇ ಬರುತ್ತಿತ್ತು. ಗುರುವಾರದ್ದು ಜೇನುಹುಳುಗಳ ಪಾಠ. ಅವರು ಅದನ್ನು ಬಾಯಿಪಾಠ ಮಾಡಿದರು. ರೇಡಿಯೊ ನಿಂತಾಗ ನಾನು ಪುಸ್ತಿಕೆ ಮುಚ್ಚಬೇಕು. ಅವರಿಗೆ ಅದೇ ಸೂಚನೆ.

ಗುರುವಾರ ಇನ್‌ಸ್ಪೆಕ್ಟರ್ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. ರೇಡಿಯೊ ಮಾತಾಡತೊಡಗಿತು. ಜೇನಿನ ಸುದ್ದಿಯೇ ಇಲ್ಲ. ಬಂದದ್ದು ಗ್ರಹಣದ ಪಾಠ! ಮೇಷ್ಟರು ಏನೂ ತಿಳಿಯದೆ ನಗುನಗುತ್ತಾ ತಲೆಯಾಡಿಸುತ್ತಿದ್ದರು. ಸನ್ನೆ ಮಾಡೋಣವೆಂದರೆ ಪಕ್ಕದಲ್ಲಿ ಸಾಹೇಬರು. ಅಷ್ಟರಲ್ಲಿ ಮಕ್ಕಳು ಕಿಟಕಿಯಾಚೆ ಆಕಾಶ ನೋಡತೊಡಗಿದರು. ಮೇಷ್ಟರ ನಗು ಅಲ್ಲೇ ನಿಂತಿತು. ಏನೋ ಎಡವಟ್ಟಾಗಿದೆಯೆಂದು ಅವರಿಗೆ ಹೊಳೆದಿತ್ತು.

ರೇಡಿಯೊ ನಿಂತಿತು, ಪುಸ್ತಿಕೆ ಮುಚ್ಚಿದೆ. ಮೇಷ್ಟರು ಮಕ್ಕಳ ಕಡೆ ತಿರುಗಿ ಹೇಳಿದರು: "ಇವತ್ತು ನಾನೇನೂ ಏಳಾಕಿಲ್ಲ ಕಣ್ರಪ್ಪ. ನೀವೇ ಮೇಷ್ಟ್ರು. ಏನ್ ಕೇಳುಸ್ಕಂಡ್ರೋ ಅದ್ನ ಒಬ್ಬೊಬ್ರೇ ಮುಂದಕ್ ಬಂದು, ನನ್ ಮುಖ ನೋಡ್ಕಂಡು ಏಳಿ."

ಮೊದಲು ಬಂದ ಹುಡುಗಿ, "ಚಂದ್ರ ಸೂರ್ಯಂಗೆ ಅಡ್ಡ ಬತ್ತಾನೆ ಸಾ!" ಎಂದಳು.

ಅಷ್ಟು ಸಾಕಾಯಿತು ಅವರಿಗೆ. ಒಬ್ಬಳನ್ನು ಸೂರ್ಯ ಮಾಡಿದರು, ಒಬ್ಬನನ್ನು ಚಂದ್ರ, ತಾವೇ ಭೂಮಿಯಾಗಿ ಗಿರಗಿರ ಸುತ್ತಿದರು. ಇನ್‌ಸ್ಪೆಕ್ಟರ್ ನಕ್ಕುಬಿಟ್ಟರು. ಮಕ್ಕಳಿಂದಲೇ ಹೇಳಿಸುವ ಈ ಪದ್ಧತಿಯನ್ನು ಉಳಿದ ಶಾಲೆಗಳಿಗೂ ಕಲಿಸಬೇಕೆಂದು ನನಗೆ ಆಜ್ಞೆಯಾಯಿತು.

ನನಗೆ ನೆಮ್ಮದಿಯೇನೂ ಸಿಗಲಿಲ್ಲ. ನನ್ನ ವರದಿಯಲ್ಲಿ 'ಶಿಕ್ಷಕರ ತೊಂದರೆಗಳು' ಎಂಬ ಅಂಕಣವಿತ್ತು. ಅದನ್ನು ಖಾಲಿ ಬಿಟ್ಟು ಕಳಿಸಿದೆ. ಆಮೇಲೆ ಕಚೇರಿಯಿಂದ ಯಾವ ಲಕೋಟೆ ಬಂದರೂ ಗುಟ್ಟು ಬಯಲಾಯಿತೇನೋ ಎಂದುಕೊಂಡೇ ಒಡೆಯುತ್ತಿದ್ದೆ.

ಮೂರು ತಿಂಗಳ ನಂತರ ಇನ್‌ಸ್ಪೆಕ್ಟರ್ ಕರೆಸಿದರು. ಬಾಗೂರು ಮೇಷ್ಟರು ತಾವೇ ಹಾಸನಕ್ಕೆ ಬಂದು ಎಲ್ಲ ಒಪ್ಪಿಕೊಂಡು ಹೋಗಿದ್ದರಂತೆ.

"ನಿಮಗೆ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಸಾರ್."

ಇನ್‌ಸ್ಪೆಕ್ಟರ್ ಎದುರಿಗಿದ್ದ ಕಡತ ಮುಚ್ಚಿದರು. "ರೇಡಿಯೊ ಕೇಳಿಸಿಕೊಳ್ಳೋದಕ್ಕೆ ಅಲ್ಲಿನ ಇನ್ನೊಬ್ಬ ಮೇಷ್ಟರನ್ನ ಜೊತೆಗೆ ಕೂರಿಸಿದ್ದೀನಿ. ಪಾಠ ಮಾತ್ರ ಆ ಹಿರಿಯರೇ ಮಾಡಲಿ," ಎಂದರು. ಆಮೇಲೆ ಒಂದು ಕಾಗದ ಮುಂದಕ್ಕೆ ತಳ್ಳಿದರು. "ಸೋಮವಾರ ಜಿನನಾಥಪುರಕ್ಕೆ ಹೋಗಿ. ಅಲ್ಲಿಗೂ ರೇಡಿಯೊ ಬಂದಿದೆ."

ನನ್ನನ್ನು ಕ್ಷಮಿಸಿದರೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.