ಹರಿದ ನಿಲುವಂಗಿಗೆ ಕಾಮಠಿಯ ಹೊಲಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಗಪುರದ ಪಕ್ಕದ ಕಾಮಠಿ ಕಂಟೋನ್ಮೆಂಟಿನ ಹಿಂಬದಿಯ ಬಜಾರಿನಲ್ಲಿ, ಅವಲಕ್ಕಿಗೆ ಖಾರದ ಸಾರು ಸುರಿದು ಕೊಡುವ ತರ್ರಿ ಪೋಹಾದವನ ಒಲೆಯನ್ನು ಬಿಟ್ಟರೆ ಎಚ್ಚರವಾಗಿರುವುದು ದೇಚಮ್ಮನವರ ಹೊಲಿಗೆ ಯಂತ್ರ ಮಾತ್ರ. ಅಂಗಡಿಯ ಬಾಗಿಲಲ್ಲಿ ಬಾಗಲಕೋಟೆ ಕಡೆಯ ಸೈನಿಕ ಹನುಮಂತ ಬನಿಯನ್ ಮೇಲೊಂದು ಶಾಲು ಹೊದ್ದು ಚಳಿಗೆ ಕಾಲು ಕುಣಿಸುತ್ತ ನಿಂತಿದ್ದಾನೆ. ಪರೇಡಿಗೆ ಹೊರಟವನ ಅಂಗಿಯ ಭುಜಪಟ್ಟಿ ಕಿತ್ತು ಬಂದಿದೆ. ದೇಚಮ್ಮ ಅವನ ಮುಖವನ್ನು ನೋಡುವುದಿಲ್ಲ, ಅಂಗಿಯನ್ನಷ್ಟೇ ನೋಡುತ್ತಾರೆ. ಪಟ್ಟಿ ಹೊಲಿದು, ಅವನು ಹೇಳದೇ ಇದ್ದ ಸಡಿಲ ಗುಂಡಿಯೊಂದನ್ನೂ ಬಿಗಿಮಾಡಿ, ಇಸ್ತ್ರಿ ಎಳೆದು ಕೈಗೆ ಕೊಡುತ್ತಾರೆ. ಗುಂಡಿಯ ಸುದ್ದಿ ತಾನು ಎತ್ತಿರಲೇ ಇಲ್ಲವಲ್ಲ ಎಂದು ಅವನು ನಾಚುತ್ತಾನೆ. ಹರಿದದ್ದು, ಬಿಟ್ಟುಹೋದದ್ದು ಈ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ ಎನ್ನುತ್ತ ದೇಚಮ್ಮ ಮುಂದಿನ ಅಂಗಿಯನ್ನು ಎತ್ತಿಕೊಳ್ಳುತ್ತಾರೆ.

ಗೋಡೆಯ ಉದ್ದಕ್ಕೂ ಕಟ್ಟಿದ ತಂತಿಯ ಮೇಲೆ ಫೌಜಿನ ಹಸಿರು ಅಂಗಿಗಳು ಸಾಲಾಗಿ ತೂಗುತ್ತಿವೆ. ಆ ಸಾಲಿನ ಕೊನೆಯಲ್ಲಿ, ಯಾವ ಫೌಜಿಗೂ ಸೇರದ ಒಂದು ಬಟ್ಟೆಯಿದೆ. ಪಾದದವರೆಗೆ ಇಳಿಯುವ ಬಿಳಿ ಸ್ಯಾಟಿನ್ ನಿಲುವಂಗಿ. ಕೊರಳ ಸುತ್ತ ಬೆಳ್ಳಿದಾರದಲ್ಲಿ ಕೊಕ್ಕರೆಯ ಗರಿಗಳು. ಎಡಭುಜದಿಂದ ಎದೆಯವರೆಗೆ ಮಾತ್ರ ಒಂದು ಉದ್ದನೆಯ ರಫೂ, ಹರಿದಲ್ಲಿ ಎಳೆ ನೇಯ್ದು ಕೂಡಿಸಿದ ಹೊಲಿಗೆ, ಕಾಣುತ್ತದೆ, ಮಾಗಿದ ಗಾಯದ ಕಲೆಯ ಹಾಗೆ. ನಾನು ನಾಗಪುರಕ್ಕೆ ಬಂದದ್ದು ಈ ರಫೂವನ್ನು ನೋಡಲೆಂದೇ.

ವಿಷಯ ತಿಳಿಯದವರಿಗೆ ಎರಡು ಮಾತು. ಮಾಂಗಾ ಎಂದರೆ ಜಪಾನಿನ ಚಿತ್ರಕಥೆಯ ಪುಸ್ತಕ. ನಮ್ಮ ಮಕ್ಕಳು ಓದುವುದು ಅದರ ಇಂಗ್ಲಿಷ್ ಅನುವಾದವನ್ನು. ಆ ಪೈಕಿ ‘ಹಿಮದ್ವಾರದ ದೀಪ’ ಎಂಬ ಅರ್ಥದ ಹೆಸರಿನ ಮಾಲಿಕೆಯೊಂದು ನಾಗಪುರದ ಹುಡುಗ ಹುಡುಗಿಯರನ್ನು ಗಾಳಿ ಹಿಡಿದ ಹಾಗೆ ಹಿಡಿದಿದೆ. ಅವರ ಬಾಯಲ್ಲಿ ಅದು ಬರೀ ‘ಲ್ಯಾಂಪ್’. ಮನುಷ್ಯರ ಲೋಕಕ್ಕೂ ಪ್ರೇತಗಳ ಲೋಕಕ್ಕೂ ನಡುವೆ ಹಿಮದ ಬಾಗಿಲು. ಅಲ್ಲಿ ಸಂಜೆ ಸಂಜೆ ದೀಪ ಹಚ್ಚುವ ಒಬ್ಬ ಹುಡುಗಿ, ಬಾಗಿಲು ಕಾಯುವ ಒಬ್ಬ ನಾಯಕ. ರಾತ್ರಿಯಾದರೆ ನಾಯಕ ಕೊಕ್ಕರೆಯಾಗುತ್ತಾನೆ. ದೀಪ ಉರಿಯುವಷ್ಟು ಹೊತ್ತು ಮಾತ್ರ ಅವರಿಬ್ಬರೂ ಎದುರುಬದುರು ಕೂರಬಹುದು. ಕೇಳುವಾಗ ಅಜ್ಜಿಕಥೆ ಎಂದು ನಾನೂ ನಕ್ಕಿದ್ದೆ. ಏಳನೆಯ ಸಂಪುಟದಲ್ಲಿ ನಾಯಕ ಬಾಗಿಲ ಮುಂದೆ ಕತ್ತಿಯ ಏಟು ತಿಂದು, ಎಡಭುಜದ ಬಟ್ಟೆ ಹರಿದು, ಹಿಮದ ಮೇಲೆ ಬೀಳುತ್ತಾನೆ. ಆ ಸಂಪುಟ ಕೈಗೆ ಬಂದ ದಿನ ವಿಮಾನ ನಿಲ್ದಾಣದ ಬಳಿಯ ಕೈಗಾರಿಕಾ ಪ್ರದೇಶ ಮಿಹಾನಿಗೆ ಹೋಗುವ ಕಂಪನಿ ಕ್ಯಾಬಿನಲ್ಲಿ ಹುಡುಗಿಯರೆಲ್ಲ ಅಳುತ್ತ ಕೂತಿದ್ದರಂತೆ. ಯಾರ ಮನೆಯಲ್ಲೋ ಸಾವಾಗಿದೆ ಎಂದುಕೊಂಡ ಡ್ರೈವರ್ ರೇಡಿಯೊ ಆರಿಸಿ ಗಾಡಿ ಓಡಿಸಿದ್ದಾನೆ.

ಆ ಕ್ಯಾಬಿನಲ್ಲಿ ಹೆಚ್ಚು ಅತ್ತವಳು ಪೂರ್ವಿ. ಬೆಳಗಾವಿ ಕಡೆಯ ಕುಟುಂಬ, ಕೋರಾಡಿಯ ವಿದ್ಯುತ್ ಕೇಂದ್ರದ ಕಾಲೊನಿಯಲ್ಲಿ ಮನೆ. ಮಿಹಾನಿನಲ್ಲಿ ವಿಮಾನ ರಿಪೇರಿ ಮಾಡುವ ಕೆಲಸ. ಹಗಲೆಲ್ಲ ಸ್ಪ್ಯಾನರ್ ಹಿಡಿಯುವ ಈ ಹುಡುಗಿ ಸಂಜೆಗೆ ಲ್ಯಾಂಪ್ ಹಿಡಿಯುತ್ತಾಳೆ. ಓದುಗರ ಬಳಗ ನಗರದಲ್ಲೊಂದು ಕೂಟ ಇಟ್ಟುಕೊಂಡಾಗ, ನಾಯಕನ ವೇಷ ತೊಡುವವಳು ಇವಳೇ ಎಂದು ಎಲ್ಲರೂ ಒಪ್ಪಿದರು. ಪೇಟೆಯ ದರ್ಜಿಗಳು ಪುಸ್ತಕ ನೋಡಿ ಕೈಚೆಲ್ಲಿದರು. ಕಾಮಠಿಯಲ್ಲಿ ಫೌಜಿನ ಬಟ್ಟೆ ಹೊಲಿಯುವ ಕನ್ನಡದ ಹೆಂಗಸೊಬ್ಬರು ಇದ್ದಾರೆಂದು ಯಾರೋ ಹೇಳಿದ್ದೇ ತಡ, ಪೂರ್ವಿ ಕೋರಾಡಿಯಿಂದ ಬಸ್ಸು ಹತ್ತಿದಳು. ನಾಯಕ ಬಿದ್ದಿರುವ ಪುಟ ತೋರಿಸಿ, ಸೇಮ್ ಟು ಸೇಮ್ ಹೀಗೇ ಬೇಕು ಎಂದು ಹೇಳಿ, ಏಳನೆಯ ಸಂಪುಟವನ್ನು ಅಂಗಡಿಯಲ್ಲೇ ಬಿಟ್ಟು ಓಡಿದಳು. ಕ್ಯಾಬ್ ತಪ್ಪುವುದರಲ್ಲಿತ್ತು.

ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದನ್ನು ಹೇಳಲು ಅವಳಿಗೆ ತೋಚಲಿಲ್ಲ. ಅದನ್ನು ಯಾರಾದರೂ ಯಾರಿಗಾದರೂ ಹೇಳುವುದುಂಟೇ? ನಮ್ಮ ಕಡೆಯಿಂದ ತೆರೆದರೆ ಸಿಗುವುದು ಕೊನೆಯ ಪುಟ. ‘ನಿಲ್ಲಿ, ನೀವು ತಪ್ಪು ಕಡೆಯಿಂದ ಬರುತ್ತಿದ್ದೀರಿ’ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ದೇಚಮ್ಮನವರಿಗೆ ಹಿಂದಿ ಸಲೀಸು, ಕನ್ನಡ ನಿಧಾನ, ಇಂಗ್ಲಿಷ್ ದೂರ. ಅದನ್ನು ಅಚ್ಚುಮನೆಯ ವಿಳಾಸ ಎಂದುಕೊಂಡು ಅವರು ಪುಟ ತಿರುಗಿಸಿದರು. ನಿಲುವಂಗಿಯ ಹಿಂಬದಿ ಹೇಗಿದೆ, ಕೊರಳ ಕಟ್ಟು ಎಲ್ಲಿ ಎಂದು ನೋಡಲು ಹೊರಟವರು ಚಿತ್ರಗಳ ಬೆನ್ನು ಹತ್ತಿ ಇಡೀ ಸಂಪುಟವನ್ನು ಓದಿ ಮುಗಿಸಿದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಹಾಗಾಯಿತು.

ಅವರ ದಾರಿಯಲ್ಲಿ ಕಥೆ ಹೀಗೆ ಸಾಗುತ್ತದೆ. ಮೊದಲಿಗೇ ಒಬ್ಬ ಹಿಮದ ಮೇಲೆ ಸತ್ತು ಬಿದ್ದಿದ್ದಾನೆ. ಆಮೇಲೆ ಏಳುತ್ತಾನೆ. ಮೈಯಿಂದ ಕತ್ತಿ ಹೊರಬರುತ್ತದೆ. ಶತ್ರುಗಳು ದೂರ ಸರಿದು ಮಾಯವಾಗುತ್ತಾರೆ. ಅವನು ಹುಡುಗಿಯ ಹತ್ತಿರ ಬರುತ್ತಾನೆ, ಅವಳು ಅವನ ಕೊರಳ ಕಟ್ಟು ಬಿಚ್ಚುತ್ತಾಳೆ. ಕೊನೆಗೆ ಇಬ್ಬರೂ ದೀಪದ ಮುಂದೆ ಕೂತು ಬಟ್ಟಲಲ್ಲಿ ಬಿಸಿ ಸೂಪ್ ಕುಡಿಯುತ್ತಾರೆ. “ಯುದ್ಧಕ್ಕೆ ಹೋದವನು ಮನೆಗೆ ಬಂದು ಊಟಕ್ಕೆ ಕೂತ. ಎಷ್ಟು ಒಳ್ಳೆಯ ಕಥೆ ಅಂದುಕೊಂಡೆ,” ಎಂದು ದೇಚಮ್ಮ ನನಗೆ ಹೇಳುವಾಗ ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ.

ದರ್ಜಿಯ ಬುದ್ಧಿ ಅಲ್ಲಿಗೆ ನಿಲ್ಲಲಿಲ್ಲ. ಮೊದಲ ಪುಟದಲ್ಲಿ ಹರಿದಿದ್ದ ನಿಲುವಂಗಿ ಮುಂದಿನ ಪುಟಗಳಲ್ಲಿ ನೆಟ್ಟಗಿದೆ. ಹಾಗಾದರೆ ನಡುವೆ ಯಾರೋ ಹೊಲಿದಿರಬೇಕಲ್ಲವೇ? ಹೊಲಿದವರನ್ನು ಚಿತ್ರ ಬರೆದವನು ಬರೆದಿಲ್ಲ. ಹೊಲಿಯುವವರನ್ನು ಯಾರು ತಾನೆ ಬರೆಯುತ್ತಾರೆ? ಸೇಮ್ ಟು ಸೇಮ್ ಎಂದರೆ ಆ ಹೊಲಿಗೆಯೂ ಇರಬೇಕು ಎಂದು ಅವರು ತೀರ್ಮಾನಿಸಿದರು. ಹೊಚ್ಚಹೊಸ ಸ್ಯಾಟಿನ್ನಿಗೆ ಎದೆ ಗಟ್ಟಿಮಾಡಿಕೊಂಡು ತಾವೇ ಕತ್ತರಿ ಹಾಕಿದರು. ಮಡಿಕೆಯ ಒಳಗಿನಿಂದ ಅದೇ ಬಟ್ಟೆಯ ಎಳೆಗಳನ್ನು ಹಿರಿದು, ಸೂಜಿಗೆ ಪೋಣಿಸಿ, ಒಂದೊಂದೇ ಎಳೆಯಾಗಿ ನೇಯ್ದರು. ಫೌಜಿನ ದಪ್ಪ ಬಟ್ಟೆಯಲ್ಲಿ ಅವರ ರಫೂವನ್ನು ಬೆಳಕಿಗೆ ಹಿಡಿದರೂ ಹುಡುಕಲಾಗದು. ಸ್ಯಾಟಿನ್ ಮಾತ್ರ ಗುಟ್ಟು ಉಳಿಸಿಕೊಳ್ಳುವ ಬಟ್ಟೆಯಲ್ಲ, ಗೆರೆ ಉಳಿಯಿತು.

ಕೂಟದ ಹಿಂದಿನ ದಿನ ಪೂರ್ವಿ ಬಂದು ನೋಡಿ ದಂಗಾದಳು. “ಆಂಟಿ, ಇಲ್ಲಿ ಹರದಿರಬೇಕ್ರಿ. ಅಂವ ಸತ್ತಾನ. ನೀವು ಹೊಲದ ಬಿಟ್ಟೀರಲ್ಲ,” ಎಂದಳು.

“ಅವನು ಎದ್ದು ಕೂತು ಸೂಪ್ ಕುಡಿದದ್ದನ್ನು ನಾನೇ ನೋಡಿದ್ದೇನಲ್ಲ, ಮಗಳೇ?”

ಪೂರ್ವಿ ಪುಸ್ತಕವನ್ನು ತಿರುಗಿಸಿ ಹಿಡಿದು, ಬಲದಿಂದ ಎಡಕ್ಕೆ ಬೆರಳಾಡಿಸಿ ತೋರಿಸಿದಳು. ಮೊದಲು ಸೂಪ್, ಆಮೇಲೆ ವಿದಾಯ, ಆಮೇಲೆ ಹಿಮ. ದೇಚಮ್ಮ ಕೊನೆಯ ಪುಟವನ್ನು ಬಹಳ ಹೊತ್ತು ನೋಡಿದರಂತೆ. ರಫೂ ಬಿಚ್ಚಿಕೊಡಿ, ಬ್ಲೇಡಿನಲ್ಲಿ ಒಂದು ನಿಮಿಷದ ಕೆಲಸ ಎಂದು ಪೂರ್ವಿ ಬೇಡಿಕೊಂಡಳು. ದೇಚಮ್ಮ ಜಗ್ಗಲಿಲ್ಲ. ಬೇಕಿದ್ದರೆ ಮನೆಗೆ ಹೋಗಿ ನೀನೇ ಹರಿದುಕೋ, ನನ್ನ ಅಂಗಡಿಯಿಂದ ಮಾತ್ರ ಹರಿದದ್ದು ಆಚೆ ಹೋಗದು ಎಂದರು. ಕೋಪ ಮಾಡಿಕೊಂಡೇ ಪೂರ್ವಿ ಬಟ್ಟೆ ಹಿಡಿದು ಹೊರಟಳು. ದಾರಿಯಲ್ಲಿ ಬ್ಲೇಡನ್ನೂ ಕೊಂಡಳು. “ರಾತ್ರಿ ಬ್ಲೇಡ್ ಹಿಡಕೊಂಡು ಕುಂತೆ. ಕೈ ಬರಲಿಲ್ರಿ,” ಎನ್ನುತ್ತಾಳೆ ಈಗ.

ಮರುದಿನ ಕೂಟದಲ್ಲಿ ನಡೆದದ್ದನ್ನು ಕೇಳಿ ನಾನು ಮೂಗಿನ ಮೇಲೆ ಬೆರಳಿಟ್ಟೆ. ವೇಷ ಪುಸ್ತಕದಂತಿಲ್ಲದಿದ್ದರೆ ಈ ಓದುಗರು ಸುಮ್ಮನಿರುವವರಲ್ಲ. ಗುಂಡಿಯೊಂದು ಹೆಚ್ಚಾದರೂ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಪೂರ್ವಿ ತಲೆತಗ್ಗಿಸಿಕೊಂಡೇ ಒಳಗೆ ಬಂದಳು. ಭುಜದ ಮೇಲಿನ ಗೆರೆಯನ್ನು ಕಂಡವರು ಸುತ್ತ ನೆರೆದರು. ವರ್ಧಾದಿಂದ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಹತ್ತಿರ ಬಂದು ರಫೂವಿನ ಮೇಲೆ ಬೆರಳಿಟ್ಟು, ಇದನ್ನು ಯಾರು ಹೊಲಿದರು ಎಂದು ಮರಾಠಿಯಲ್ಲಿ ಕೇಳಿದಳು, ಕೇಳಿದವಳೇ ಅತ್ತಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಮುಟ್ಟಿ ನೋಡಿದರು. ಅಷ್ಟು ದಿನ ಅವರೆಲ್ಲ ನಿಲುವಂಗಿ ಹರಿದ ಪುಟವನ್ನೇ ನೋಡಿ ನೋಡಿ ಅತ್ತಿದ್ದರು. ಹೊಲಿಯಬಹುದು ಎಂಬುದು ಒಬ್ಬರ ತಲೆಗೂ ಹೊಳೆದಿರಲಿಲ್ಲ.

ಅಂದಿನಿಂದ ಈ ಅಂಗಡಿಗೆ ಎರಡು ಬಗೆಯ ಗಿರಾಕಿಗಳು. ಬೆಳಿಗ್ಗೆ ಫೌಜು, ಮಧ್ಯಾಹ್ನ ಲ್ಯಾಂಪ್. ಅಮರಾವತಿ, ಭಂಡಾರಾದಿಂದಲೂ ಬಿಳಿ ಸ್ಯಾಟಿನ್ ಹಿಡಿದು ಬರುತ್ತಾರೆ. ಎಲ್ಲರಿಗೂ ರಫೂ ಮಾಡಿದ ನಿಲುವಂಗಿಯೇ ಬೇಕು. ಆದರೆ ದೇಚಮ್ಮನವರದೊಂದು ಕರಾರಿದೆ. ಹೊಸ ಬಟ್ಟೆಗೆ ತಾವು ಇನ್ನು ಕತ್ತರಿ ಹಾಕುವುದಿಲ್ಲ, ಬಂದವರೇ ಹರಿಯಬೇಕು. ಗಡ್ಡ ಬಂದ ಹುಡುಗರು ಕೂಡ ಕತ್ತರಿಯನ್ನು ಬಟ್ಟೆಯ ಹತ್ತಿರ ತಂದು ಮತ್ತೆ ಮೇಜಿನ ಮೇಲಿಡುವುದನ್ನು ನಾನೇ ಕಂಡೆ. “ಹರಿಯುವುದು ಅವರ ಕೆಲಸ. ಹೊಲಿಯುವುದು ನನ್ನದು. ಅಷ್ಟು ಲೆಕ್ಕ ಬರೋಬರ್ ಉಂಟು,” ಎನ್ನುತ್ತಾರೆ ದೇಚಮ್ಮ. ಒಂದು ರಫೂ ಮುಗಿಯಲು ಎರಡು ಮಧ್ಯಾಹ್ನ ಬೇಕು. ಕಣ್ಣು ಮೊದಲಿನ ಹಾಗಿಲ್ಲ, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು. ಸರತಿ ಎರಡು ತಿಂಗಳಾಚೆಗೆ ಹೋಗಿದೆ, ಯಾರೂ ಗೊಣಗುವುದಿಲ್ಲ. ಕಾಗದದ ಮೇಲಿನ ಮನುಷ್ಯನಿಗಾಗಿ ಇಷ್ಟು ಮಂದಿ ಇಷ್ಟು ತಾಳ್ಮೆಯಿಂದ ಕಾಯುವುದನ್ನು ನನ್ನ ಇಷ್ಟು ವರ್ಷದ ಪತ್ರಿಕಾವೃತ್ತಿಯಲ್ಲಿ ಕಂಡಿರಲಿಲ್ಲ. ನಗಲು ಬಂದ ನನಗೆ ನಿಜವಾಗಿಯೂ ಕೈಮುಗಿಯಬೇಕೆನಿಸಿತು, ಯಾರಿಗೆ ಎಂದು ಮಾತ್ರ ತಿಳಿಯಲಿಲ್ಲ.

ದೇಚಮ್ಮನವರ ಊರು ವಿರಾಜಪೇಟೆಯ ಹತ್ತಿರ. ಗಂಡ ಉತ್ತಪ್ಪ ಹವಾಲ್ದಾರರಾಗಿದ್ದರು. ಕಾಮಠಿಗೆ ವರ್ಗವಾಗಿ ಬಂದಾಗ, ಫೌಜಿಗಳ ಹೆಂಡಂದಿರಿಗಾಗಿ ನಡೆಯುತ್ತಿದ್ದ ಹೊಲಿಗೆ ತರಗತಿಗೆ ಹೊತ್ತು ಕಳೆಯಲು ಸೇರಿದರು. ಗಂಡನ ಅಂಗಿಯೇ ಪಾಠದ ಬಟ್ಟೆ. ಹಿಮದ ಗಡಿಯಲ್ಲಿ ಎರಡು ಸಲ ಕಾವಲು ಮಾಡಿ ಒಂದು ಗೀರೂ ಇಲ್ಲದೆ ಮರಳಿದ ಉತ್ತಪ್ಪನವರು, ಕಾಮಠಿ ರಸ್ತೆಯಲ್ಲಿ ಸ್ಕೂಟರಿಗೆ ಲಾರಿ ಬಡಿದು ತೀರಿಕೊಂಡರು. ಊರಿಗೆ ಬಾ ಎಂದು ಅಣ್ಣತಮ್ಮಂದಿರು ಕರೆದರೂ ದೇಚಮ್ಮ ಹೋಗಲಿಲ್ಲ. ಬಜಾರಿನ ಮುದುಕ ದರ್ಜಿಯೊಬ್ಬರು ಬಿಟ್ಟುಕೊಟ್ಟ ಈ ಅಂಗಡಿಯಲ್ಲಿ ಕೂತರು, ಕೂತವರು ಎದ್ದಿಲ್ಲ.

ಹೀಗೆ ರಫೂ ಬಿಚ್ಚದೇ ಹಟ ಹಿಡಿದದ್ದೇಕೆ ಎಂದು ನಾನು ಕೇಳಿದಾಗ ಅವರು ಇಸ್ತ್ರಿ ಮಾಡುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು. “ಅವತ್ತು ಅವರ ಯೂನಿಫಾರ್ಮ್ ಭುಜದ ಹತ್ತಿರ ಹರಿದಿತ್ತು ಅಂತ ನೋಡಿದವರು ಹೇಳಿದರು. ಕೇಸಿಗೆ ಬೇಕು ಅಂತ ಪೊಲೀಸರು ಇಟ್ಟುಕೊಂಡರು. ಎಷ್ಟೋ ಸಲ ಹೋಗಿ ಕೇಳಿದೆ, ನನ್ನ ಕೈಗೆ ಸಿಗಲೇ ಇಲ್ಲ. ಕೊಟ್ಟಿದ್ದರೆ ಒಂದು ಗಂಟೆಯ ಕೆಲಸ.” ಇಸ್ತ್ರಿಯ ಕೆಳಗಿನ ಅಂಗಿ ಯಾರದೋ ಇಪ್ಪತ್ತರ ಹುಡುಗನದು. ಅದರ ಕಾಲರನ್ನು ಅವರು ಮತ್ತೊಮ್ಮೆ ಒತ್ತಿ ಮಡಿಸಿಟ್ಟರು.

ನಾನು ಊರಿಗೆ ಹೊರಡುವ ಬೆಳಿಗ್ಗೆ ಪೂರ್ವಿ ಬರುತ್ತಾಳೆ. ಕಣ್ಣುಗಳು ಊದಿಕೊಂಡಿವೆ, ಕೈಯಲ್ಲಿ ಎಂಟನೆಯ ಸಂಪುಟ. ಇಡೀ ಬಳಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಪುಸ್ತಕ. ಬಿದ್ದ ನಾಯಕ ಹೇಗೋ ಬದುಕಿಯಾನು ಎಂಬ ಆಸೆ ಎಲ್ಲರಿಗೂ ಇತ್ತು. ಮೊದಲ ಪುಟದಲ್ಲೇ ಅದು ಮುಗಿದಿದೆ. ಅವನನ್ನು ಮರದ ಹಲಗೆಯ ಮೇಲೆ ಮಲಗಿಸಿ, ಅದೇ ಹರಿದ ನಿಲುವಂಗಿಯಲ್ಲಿ, ಹಿಮದೊಳಗೆ ಹೂಳುತ್ತಾರೆ. ದೇಚಮ್ಮ ಪುಸ್ತಕವನ್ನು ಕೈಗೆ ತೆಗೆದುಕೊಂಡು ಈ ಸಲ ಬಲಗಡೆಯಿಂದಲೇ ತೆರೆಯುತ್ತಾರೆ, ಆ ಪುಟವನ್ನು ನೋಡುತ್ತಾರೆ, ಮುಚ್ಚುತ್ತಾರೆ.

ಪೂರ್ವಿ ಬಂದದ್ದು ಸುದ್ದಿ ಹೇಳುವುದಕ್ಕಷ್ಟೇ ಅಲ್ಲ. ಭಾನುವಾರ ಬೆಳಿಗ್ಗೆ ಫುಟಾಳಾ ಕೆರೆಯ ದಂಡೆಯಲ್ಲಿ ಓದುಗರೆಲ್ಲ ಸೇರಿ ನಾಯಕನಿಗೆ ವಿದಾಯ ಹೇಳುತ್ತಾರೆ. ದೀಪ ಹಚ್ಚಿ, ಅದರ ಮುಂದೆ ಅವನ ನಿಲುವಂಗಿಯನ್ನು ಮಡಿಸಿಡುತ್ತಾರೆ. ತಂತಿಯ ಕೊನೆಯಲ್ಲಿ ತೂಗುತ್ತಿರುವುದು, ಅಂದರೆ ಪೂರ್ವಿ ಕೂಟದಲ್ಲಿ ತೊಟ್ಟು ಇಸ್ತ್ರಿಗೆಂದು ಮರಳಿ ತಂದುಕೊಟ್ಟಿದ್ದ ಆ ಮೊದಲನೆಯ ನಿಲುವಂಗಿಯೇ ಆಗಬೇಕು ಎಂದು ಬಳಗ ಗೊತ್ತುಮಾಡಿದೆ. ಆದರೆ ಅರ್ಧ ಮಂದಿ ಈಗ ರಫೂ ಬಿಚ್ಚಬೇಕು ಎನ್ನುತ್ತಾರೆ. ಪುಸ್ತಕದಲ್ಲಿ ಹರಿದೇ ಇದೆ, ಪುಸ್ತಕ ಬರೆದವನಿಗಿಂತ ನಾವು ದೊಡ್ಡವರೇ ಎಂಬುದು ಅವರ ಮಾತು. ಉಳಿದರ್ಧ ಮಂದಿ ಒಪ್ಪುತ್ತಿಲ್ಲ. ಫೋನಿನಲ್ಲಿ ಜಗಳ ಆಡಿ ಆಡಿ ಸೋತು, ಕೊನೆಗೆ ಹೊಲಿದವರನ್ನೇ ಕೇಳಿ ಬಾ ಎಂದು ಇವಳನ್ನು ಕಳಿಸಿದ್ದಾರೆ. ಭಾನುವಾರ ದೇಚಮ್ಮ ಬರಲೇಬೇಕು ಎಂದೂ ಹೇಳಿದ್ದಾರೆ.

“ನೀವು ಬಿಚ್ಚು ಅಂದ್ರ ಬಿಚ್ಚತೇವ್ರಿ ಆಂಟಿ,” ಎನ್ನುತ್ತಾಳೆ ಪೂರ್ವಿ.

ದೇಚಮ್ಮ ಎದ್ದು ತಂತಿಯಿಂದ ನಿಲುವಂಗಿಯನ್ನು ಇಳಿಸುತ್ತಾರೆ. ಮೇಜಿನ ಮೇಲೆ ಹಾಸಿ, ಎಡಭುಜದಿಂದ ಎದೆಯವರೆಗೆ ಬೆರಳಾಡಿಸಿ, ಎಲ್ಲೋ ಒಂದು ಎಳೆ ಸಡಿಲವಾದದ್ದು ಸಿಕ್ಕಿ, ಸೂಜಿಗೆ ದಾರ ಪೋಣಿಸುತ್ತಾರೆ. ಹೊರಗೆ ಪರೇಡಿಗೆ ಹೊರಟ ಬೂಟುಗಳ ಸದ್ದು. ಆ ಎಳೆಯನ್ನು ಭದ್ರ ಮಾಡಿ, ದಾರ ಕಚ್ಚಿ ಕಡಿದು ಅವರು ಹೇಳುತ್ತಾರೆ:

“ಅವನನ್ನು ಹರಿದ ಬಟ್ಟೆಯಲ್ಲಿ ಕಳಿಸುವುದು ಬೇಡ, ಮಗಳೇ. ಅಲ್ಲಿ ಹೊಲಿಯುವವರು ಯಾರೂ ಇರಲಿಲ್ಲ ಅಂತ ಕಾಣ್ತದೆ. ಇಲ್ಲಿ ನಾನಿದ್ದೇನೆ.”