ಚಿಂದಿ ಮೂಟೆಯ ಹಿಂದಿನ ಐದು ಕಾಲರುಗಳು

ಬಿರುದು ಮಾಸ್ತರರು ಕೂತಲ್ಲಿ ಕೂರುವ ಜೀವವಲ್ಲ. ನಲವತ್ತು ವರ್ಷ ಹೊಲಿಗೆ ಮೆಷಿನ್ನು ತುಳಿದ ಕಾಲು ಊಟಕ್ಕೆ ಕೂತಾಗಲೂ ತುಳಿಯುತ್ತಲೇ ಇರುತ್ತದೆ. ಮನೆಗೆ ಚಕ್ರವಿದ್ದಿದ್ದರೆ ಇಷ್ಟು ಹೊತ್ತಿಗೆ ಸಮುದ್ರ ಸೇರಿರುತ್ತಿತ್ತು. ಕಾಲಿನಷ್ಟೇ ಚುರುಕು ನಾಲಿಗೆ. ಅಂಗಡಿಗೆ ಬಂದವರಿಗೆಲ್ಲ ಅಳತೆಯ ಜೊತೆ ಒಂದು ಬಿರುದು ಪುಕ್ಕಟೆ. ಹತ್ತು ವರ್ಷದ ಮೊಮ್ಮಗಳು ಮೊದಲ ಸಲ ದಿಂಬಿನ ಚೀಲ ಹೊಲಿದಾಗಂತೂ ಬೀದಿಗೆಲ್ಲ ಕೇಳುವಂತೆ ಸಾರಿದ್ದರು: "ಇವಳು ಹುಟ್ಟಾ ದರ್ಜಿ! ತಪ್ಪು ಅನ್ನೋದೇ ಈ ಕೈಗೆ ಗೊತ್ತಿಲ್ಲ!"

ಅಲ್ಲಿಂದಾಚೆ ಹುಡುಗಿ ದಿಂಬಿನ ಚೀಲ ಬಿಟ್ಟು ಬೇರೇನೂ ಹೊಲಿಯಲಿಲ್ಲ. ಮನೆಯಲ್ಲಿ ತಲೆ ಮೂರು, ದಿಂಬಿನ ಚೀಲ ಮೂವತ್ತೊಂದು. ಶರ್ಟಿನ ಕಾಲರು ಹೊಲಿ ಎಂದರೆ ಹೊಟ್ಟೆನೋವು.

ಒಂದು ಬೆಳಗ್ಗೆ ಚಿಂದಿ ಮೂಟೆ ಸರಿಸಿದಾಗ ಹಿಂದೆ ಐದು ಕಾಲರು ಸಿಕ್ಕವು, ಒಂದಕ್ಕಿಂತ ಒಂದು ಸೊಟ್ಟ. ಮಾಸ್ತರರು ಅವನ್ನು ಹಿಡಿದು ಅಡುಗೆಮನೆಗೆ ಓಡಿದರು.

"ನೋಡೇ, ಬಚ್ಚಿಟ್ಟಿದ್ದಾಳೆ!"

"ಮತ್ತೆ? ಮಗು ತಲೆ ಮೇಲೆ ಕಿರೀಟ ಇಟ್ರಿ. ಅಲ್ಲಾಡಿದ್ರೆ ಬೀಳುತ್ತೆ ಅಂತ ಅದು ಕತ್ತು ತಿರುಗಿಸೋದನ್ನೇ ಬಿಟ್ಟಿದೆ," ಎಂದರು ಹೆಂಡತಿ. "ಮೊದಲು ನಿಮ್ಮ ಬಾಯಿಗೊಂದು ಗುಂಡಿ ಹಾಕ್ಕೊಳ್ಳಿ."

ಅಂದು ಮಾಸ್ತರರು ಅಂಗಡಿಯೊಳಗೇ ಶತಪಥ ತಿರುಗಿದ ದೂರದಲ್ಲಿ ಪಕ್ಕದೂರಿಗೆ ಎರಡು ಸಲ ಹೋಗಿಬರಬಹುದಿತ್ತು. ಇವಳು ಕಾಲರಿಗೇ ಹೆದರಿದರೆ ನಾಳೆ ಲೆಕ್ಕಕ್ಕೆ, ಈಜಿಗೆ, ಇನ್ನೆಷ್ಟಕ್ಕೆ ಹೆದರಿಯಾಳು? ಹೆದರಿಸಿದ್ದು ತನ್ನದೇ ಬಾಯಿ. ಈ ಯೋಚನೆಯಲ್ಲಿ ಯಾರದೋ ಪ್ಯಾಂಟಿಗೆ ಮೂರನೇ ಕಾಲು ಹಚ್ಚುವುದೊಂದು ಬಾಕಿ.

ಶಾಲೆಯಿಂದ ಬಂದ ಮೊಮ್ಮಗಳು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಕಾಲರುಗಳನ್ನು ಕಂಡು ಬಾಗಿಲಲ್ಲೇ ನಿಂತಳು.

"ತಾತ, ಇನ್ಮೇಲೆ ನನ್ನ ಹುಟ್ಟಾ ದರ್ಜಿ ಅನ್ನಲ್ವಾ?"

"ಅದು ಹಾಗಿರ್ಲಿ. ಈ ನಾಲ್ಕನೇದರ ಮೂಲೆ ಮೂರನೇದಕ್ಕಿಂತ ನೆಟ್ಟಗೆ ತಿರುಗಿದೆಯಲ್ಲ, ಏನು ಮಾಡ್ದೆ?"

"ಮೂಲೇಲಿ ಬಟ್ಟೆ ದಪ್ಪ ಆಗ್ತಿತ್ತು... ಒಳಗಡೆ ಸ್ವಲ್ಪ ಕತ್ತರಿಸ್ದೆ."

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಬಿಚ್ಚಿ ಬಿಚ್ಚಿ ನೋಡ್ದೆ."

"ನಂಗೆ ಇದು ಗೊತ್ತಾಗೋಷ್ಟರಲ್ಲಿ ನಾನು ಕೆಡಿಸಿದ ಬಟ್ಟೇಲಿ ನಿಮ್ಮ ಶಾಲೆ ಕಟ್ಟಡಕ್ಕೇ ಒಂದು ಅಂಗಿ ತೊಡಿಸಬಹುದಿತ್ತು ಕಣೇ!"

ಹುಡುಗಿ ನಕ್ಕುಬಿಟ್ಟಳು. ಶಾಲೆಯ ಚೀಲ ಮೂಲೆಗೆಸೆದು ಮೆಷಿನ್ನಿಗೆ ಕೂತು ಆರನೆಯದನ್ನು ಶುರುಮಾಡಿದಳು. ಪಕ್ಕದ ಸ್ಟೂಲಿನ ಮೇಲೆ ಮಾಸ್ತರರ ಕಾಲು ಬರೀ ಗಾಳಿ ತುಳಿಯುತ್ತಿತ್ತು.

"ಹೇಗಿದೆ, ತಾತ?"

ನಾಲಿಗೆಯ ತುದಿಯಲ್ಲಿ ಬಿರುದುಗಳ ನೂಕುನುಗ್ಗಲು. ಅಷ್ಟನ್ನೂ ನುಂಗಿಕೊಂಡರು. "ಎಡಗಡೆ ತುದಿ ಎದ್ದು ಕೂತಿದೆ. ಬಲಗಡೇದು ಇನ್ನೂ ನಿದ್ದೇಲಿದೆ."

ಅವಳು ಕಾಲರನ್ನು ಬೆಳಕಿಗೆ ಹಿಡಿದು ನೋಡಿದಳು. ಚಿಂದಿ ಮೂಟೆಯ ಕಡೆ ತಿರುಗಲೇ ಇಲ್ಲ; ಕತ್ತರಿಯ ತುದಿಯಿಂದ ಬಲಗಡೆಯ ಹೊಲಿಗೆ ಬಿಚ್ಚತೊಡಗಿದಳು.

ಮಾಸ್ತರರಿಗೆ ಇನ್ನು ತಡೆಯಲಾಗಲಿಲ್ಲ. ಬೀದಿಗೆ ಹಾರಿ, ಸೈಕಲ್ಲಿನಲ್ಲಿ ಬರುತ್ತಿದ್ದ ಅಂಚೆಯವನಿಗೆ ಅಡ್ಡ ನಿಂತು, "ಹೊಲಿಗೆಯ ಮಹಾರಾಣಿ!" ಎಂದು ಕೂಗಿದರು. ಅಂಚೆಯವನು ಬ್ರೇಕು ಹಾಕಿ, ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಿದ.